ಲೋಹನಾದ: ದನಿ ಏರಿಸಿ ಕೇಳಬೇಕಾದ ಕೆಲವು ಧ್ವನಿಮುದ್ರಿಕೆಗಳು

ವಿಜಯಪುರದ ಕೋಟೆಯಲ್ಲಿ ಶೆರ್ಜಾ ಬುರುಜಿನ ಮೇಲೆ ಮಲಗಿರುವ ಮಲಿಕ್-ಎ-ಮೈದಾನ್ ತೋಪನ್ನು ನೋಡದವರು ನಮ್ಮ ಜಿಲ್ಲೆಯಲ್ಲಿ ವಿರಳ. 1549ರಲ್ಲಿ ಅಹಮದನಗರದಲ್ಲಿ ಎರಕಗೊಂಡ, ಸುಮಾರು 55 ಟನ್ ತೂಕದ ಈ ತೋಪಿಗೆ ಬೆಂಕಿ ಮುಟ್ಟಿಸಿದವನು ಮರುಕ್ಷಣವೇ ಪಕ್ಕದ ನೀರಿನ ತೊಟ್ಟಿಯಲ್ಲಿ ಮುಳುಗಿ ತನ್ನ ಕಿವಿಗಳನ್ನು ಕಾಪಾಡಿಕೊಳ್ಳುತ್ತಿದ್ದನೆಂದು ಪ್ರತೀತಿಯಿದೆ. ಅದೇ ತೋಪನ್ನು ಬೆರಳ ಗೆಣ್ಣಿನಿಂದ ಮೆಲ್ಲನೆ ತಟ್ಟಿದರೆ ಗಂಟೆಯಂತೆ ಅನುರಣಿಸುತ್ತದೆ. ಅಲ್ಲಿಂದ ಊರಿನ ಇನ್ನೊಂದು ತುದಿಗೆ ನಡೆದರೆ ಗೋಳಗುಮ್ಮಟ. ಅದರ ಒಳಗಿನ ಮೊಗಸಾಲೆಯಲ್ಲಿ ಗೋಡೆಯತ್ತ ಮುಖಮಾಡಿ ಆಡಿದ ಪಿಸುಮಾತು 120 ಅಡಿಗಳಿಗೂ ಮಿಕ್ಕ ಅಂತರದಾಚೆ ಕುಳಿತವನ ಕಿವಿಯಲ್ಲಿ ಸ್ಪಷ್ಟವಾಗಿ ಮೂಡುತ್ತದೆ. ಮಹಾಶಬ್ದವನ್ನೂ ಪಿಸುಮಾತನ್ನೂ ಲೋಹದಲ್ಲಿ, ಕಲ್ಲಿನಲ್ಲಿ ಹಿಡಿದಿಟ್ಟುಕೊಂಡ ಊರು ನಮ್ಮದು. ಆದುದರಿಂದ ಇಂದು ನಾನು ಎತ್ತಿಕೊಂಡಿರುವ ವಿಷಯ ಈ ಸೀಮೆಯವರಿಗೆ ತೀರ ಪರಕೀಯವಾಗಲಾರದೆಂದು ನಂಬಿದ್ದೇನೆ.

ಪಾಶ್ಚಾತ್ಯರ ಹೆವಿ ರಾಕ್ ಮತ್ತು ಹೆವಿ ಮೆಟಲ್ ಎಂಬ ಸಂಗೀತದಲ್ಲಿ ದನಿ ಏರಿಸಿ ಕೇಳಲು ತಕ್ಕ ಕೆಲವು ಆಲ್ಬಂಗಳನ್ನು ನಿಮಗೆ ಸೂಚಿಸುವುದೇ ಇಂದಿನ ಉದ್ದೇಶ. ಹೀಗೆಂದೊಡನೆ ಶ್ರೋತೃಗಳಲ್ಲಿ ಹಲವರು ರೇಡಿಯೋದ ಕಿವಿ ಹಿಂಡಲು ಕೈ ನೀಡಿರಬಹುದು, ಸ್ವಲ್ಪ ತಾಳಬೇಕು. ಮಲ್ಲಿಕಾರ್ಜುನ ಮನಸೂರರ, ಗಂಗೂಬಾಯಿ ಹಾನಗಲ್ಲರ ಧ್ವನಿಮುದ್ರಿಕೆಗಳ ನಡುವೆ ಬೆಳೆದ ನಮಗೆ ಈ ಸಂಗೀತ ಮೊದಲಿಗೆ ಬರಿಯ ಗದ್ದಲವೆಂದೇ ತೋರುವುದು ಸಹಜ. ಆದರೆ ಗಟ್ಟಿ ದನಿಯೆಂಬ ಕಾರಣಕ್ಕೇ ಒಂದು ಸಂಗೀತವನ್ನು ಕೀಳೆನ್ನುವುದಾದರೆ ನಮ್ಮ ಕರಡಿ ಮಜಲನ್ನೂ ಡೊಳ್ಳನ್ನೂ ಹಲಗೆಯನ್ನೂ ಮೊದಲು ಊರ ಹೊರಗಿಡಬೇಕಾಗುತ್ತದೆ. ಎದೆಗೆ ಗುದ್ದುವ ನಾದದ ಸುಖ ನಮಗೆ ಹೊಸದೇನಲ್ಲ. ಗಟ್ಟಿತನದಲ್ಲಿ ತಾರತಮ್ಯವಿದೆ ಎಂಬುದಷ್ಟೇ ನನ್ನ ವಾದ.

ಈ ತಾರತಮ್ಯದ ಯೋಚನೆ ನನಗೆ ಬಂದದ್ದು ಸಂತೋಷದ ಸಂದರ್ಭದಲ್ಲಲ್ಲ. ನನ್ನ ಮನೆಯಿರುವುದು ಭೂತನಾಳದ ಕಡೆಗೆ, ಕೆರೆಯ ಗಾಳಿ ಬೀಸುವಷ್ಟು ಹತ್ತಿರದಲ್ಲಿ. ಕೆಲವು ವರ್ಷಗಳ ಹಿಂದೆ, ಓದಲೆಂದು ಬಂದು ನಮ್ಮಲ್ಲಿಯೇ ಉಳಿದಿದ್ದ ನನ್ನ ಸೋದರಳಿಯ, ಒಂದು ಮೆರವಣಿಗೆಯಲ್ಲಿ ಡಿ.ಜೆ. ಎಂದು ಕರೆಯುವ ಆ ಧ್ವನಿವರ್ಧಕಗಳ ಗೋಡೆಯ ಮುಂದೆ ನಾಲ್ಕು ತಾಸು ಕುಣಿದು ಬಂದ. ಮರುದಿನ ಬೆಳಿಗ್ಗೆ, “ಮಾಮಾ, ಕಿವ್ಯಾಗ ಗುಂಯ್ ಅನ್ನಾಕತ್ತೈತಿ” ಎಂದ. ಎರಡು ದಿನದಲ್ಲಿ ಇಳಿಯುತ್ತದೆ ಎಂದು ಮನೆಯವರೆಲ್ಲ ಸಮಾಧಾನ ಹೇಳಿದರು. ಇಳಿಯಲಿಲ್ಲ. ಇಂದಿಗೂ ರಾತ್ರಿ ಊರು ಮಲಗಿದ ಮೇಲೆ ಅವನ ಕಿವಿಯಲ್ಲಿ ಆ ಸಣ್ಣ ಸಿಳ್ಳು ಎಚ್ಚರವಾಗಿರುತ್ತದೆ. ಒಳಗಿವಿಯಲ್ಲಿರುವ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ಗಟ್ಟಿಯಾದ ಸಂಗೀತವನ್ನು ಕೇಳಿರಿ ಎಂದು ಹೇಳುವವನು ಈ ಮಾತನ್ನು ಮುಚ್ಚಿಡಬಾರದು. ಆದರೆ ಆ ಹುಡುಗನಿಗೆ ಅಂದು ಕೇಳಿಸಿದ್ದು ಸಂಗೀತವಾಗಿರಲಿಲ್ಲ. ಆರಂಭದಿಂದ ಕೊನೆಯವರೆಗೆ ಒಂದೇ ಎತ್ತರದಲ್ಲಿ ನಿಂತ ಗೋಡೆಯಾಗಿತ್ತು. ಅದರಲ್ಲಿ ಏರಿರಲಿಲ್ಲ, ಇಳಿವಿರಲಿಲ್ಲ, ಉಸಿರಿಗೆ ಎಡೆಯಿರಲಿಲ್ಲ.

ದನಿ ಏರಿಸಿದರೆ ಸಂಗೀತದಲ್ಲಿ ಏನು ಬದಲಾಗುತ್ತದೆ? ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ ಎಂಬಿಬ್ಬರು 1933ರಲ್ಲಿಯೇ ಇದಕ್ಕೆ ಉತ್ತರ ಕೊಟ್ಟಿದ್ದಾರೆ. ಮನುಷ್ಯನ ಕಿವಿ ಎಲ್ಲ ಸ್ವರಗಳನ್ನೂ ಸಮದೃಷ್ಟಿಯಿಂದ ಕಾಣುವುದಿಲ್ಲ. ದನಿ ಸಣ್ಣದಿದ್ದಾಗ ಮಂದ್ರದ ನಾದಗಳು ಅದಕ್ಕೆ ಬಹುಮಟ್ಟಿಗೆ ಕೇಳಿಸುವುದೇ ಇಲ್ಲ. ದನಿ ಏರಿದಂತೆ ಮಂದ್ರ ತುಂಬಿಕೊಳ್ಳುತ್ತ ಬರುತ್ತದೆ. ಹೆವಿ ಮೆಟಲ್ ಸಂಗೀತದ ಅರ್ಧ ದೇಹವಿರುವುದೇ ಮಂದ್ರದಲ್ಲಿ. ಅದನ್ನು ಅಂಗೈಯಗಲದ ಸ್ಪೀಕರಿನಲ್ಲಿ ಮೆಲ್ಲಗೆ ಹಾಕಿಕೊಂಡು, ಇದರಲ್ಲಿ ಕರ್ಕಶವೊಂದೇ ಇದೆ ಎಂದರೆ, ಬುನಾದಿಯನ್ನು ನೋಡದೆ ಕಟ್ಟಡವನ್ನು ತೂಗಿದಂತೆ. ಇನ್ನೊಂದು ಕಾರಣ ಇದಕ್ಕಿಂತ ಮುಖ್ಯವಾದುದು. ದನಿ ಏರಿಸುವುದು ಅಬ್ಬರದ ಭಾಗಕ್ಕಾಗಿ ಅಲ್ಲ. ಅಬ್ಬರ ಹೇಗಿದ್ದರೂ ಕೇಳಿಸಿಯೇ ಕೇಳಿಸುತ್ತದೆ. ಎರಡು ಹೊಡೆತಗಳ ನಡುವಿನ ಬಿಡುವು, ತಂತಿಯ ಮೇಲೆ ಬೆರಳು ಸರಿಯುವ ಸದ್ದು, ನಗಾರಿಯ ನಾದ ಕೋಣೆಯ ಗೋಡೆಗೆ ತಾಗಿ ಆರುವ ಬಗೆ, ಇವು ಕೇಳಿಸಬೇಕೆಂದು ದನಿ ಏರಿಸಬೇಕು. ಚೆನ್ನಾಗಿ ಮುದ್ರಿತವಾದ ಆಲ್ಬಂನಲ್ಲಿ ಅವೆಲ್ಲ ಇರುತ್ತವೆ. ಕೆಟ್ಟದ್ದರಲ್ಲಿ ಇರುವುದಿಲ್ಲ, ದನಿ ಏರಿಸಿದಷ್ಟೂ ತಲೆನೋವು ಮಾತ್ರ ಏರುತ್ತದೆ.

ಮೊದಲಿಗೆ, ಬ್ಲ್ಯಾಕ್ ಸಬ್ಬತ್ ತಂಡದ ಅದೇ ಹೆಸರಿನ ಪ್ರಥಮ ಆಲ್ಬಂ. 1969ರ ಅಕ್ಟೋಬರಿನಲ್ಲಿ ಲಂಡನ್ನಿನಲ್ಲಿ ಒಂದೇ ದಿನದಲ್ಲಿ ನುಡಿಸಿ ಮುಗಿಸಿದ್ದು, 1970ರ ಫೆಬ್ರವರಿ 13ರಂದು ಹೊರಬಂದದ್ದು. ಈ ಸಂಗೀತ ಪ್ರಕಾರದ ಹುಟ್ಟನ್ನು ಅಲ್ಲಿಂದಲೇ ಎಣಿಸುವವರು ಬಹಳ. ಅದರ ಗಿಟಾರ್ ವಾದಕ ಟೋನಿ ಅಯೋಮಿ ಬರ್ಮಿಂಗ್‌ಹ್ಯಾಮಿನ ಲೋಹದ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದ ಹುಡುಗ. ಹದಿನೇಳನೆಯ ವಯಸ್ಸಿನಲ್ಲಿ, ಕೆಲಸ ಬಿಡಬೇಕೆಂದಿದ್ದ ಕೊನೆಯ ದಿನವೇ, ಬಲಗೈಯ ಎರಡು ಬೆರಳುಗಳ ತುದಿ ಯಂತ್ರಕ್ಕೆ ಸಿಕ್ಕು ಕತ್ತರಿಸಿಹೋದವು. ಎಡಗೈಯಲ್ಲಿ ಮೀಟುವ ವಾದಕನಾದುದರಿಂದ ತಂತಿ ಒತ್ತಬೇಕಾದ ಬೆರಳುಗಳೇ ಅವು. ವಾದನ ಮುಗಿಯಿತೆಂದು ಕುಳಿತವನಿಗೆ ಕಾರ್ಖಾನೆಯ ಮೇಲಧಿಕಾರಿ ಒಂದು ಧ್ವನಿಮುದ್ರಿಕೆಯನ್ನು ತಂದು ಕೇಳಿಸಿದ. ಜ್ಯಾಂಗೋ ರೈನ್‌ಹಾರ್ಟ್ ಎಂಬ ಜಾಝ್ ವಾದಕನದು. ಬೆಂಕಿಯ ಅನಾಹುತದಲ್ಲಿ ಕೈ ಸುಟ್ಟುಕೊಂಡು ಎರಡೇ ಬೆರಳುಗಳಿಂದ ನುಡಿಸಿದ ಮಹಾನುಭಾವ ಆತ. ಒಬ್ಬರಿಗೊಬ್ಬರು ಧ್ವನಿಮುದ್ರಿಕೆಯನ್ನು ಶಿಫಾರಸು ಮಾಡುವುದು ನಿರುಪಯುಕ್ತ ಕಾಲಹರಣವೆಂದು ಭಾವಿಸುವವರಿಗೆ ನಾನು ಈ ಪ್ರಸಂಗವನ್ನು ಹೇಳುವುದುಂಟು. ಅಯೋಮಿ ಕರಗಿಸಿದ ಪ್ಲಾಸ್ಟಿಕ್ಕಿನಿಂದ ಬೆರಳಿಗೆ ಟೋಪಿಗಳನ್ನು ಮಾಡಿಕೊಂಡು ಮತ್ತೆ ನುಡಿಸತೊಡಗಿದ. ಬಿಗಿದ ತಂತಿ ಬೆರಳಿಗೆ ನೋವಾಗುತ್ತಿತ್ತಾದುದರಿಂದ ಮುಂದೆ ತಂತಿಯನ್ನೇ ಸಡಿಲಿಸಿದ. 1971ರ ‘ಮಾಸ್ಟರ್ ಆಫ್ ರಿಯಾಲಿಟಿ’ ಆಲ್ಬಂನ ಕೆಲವು ಹಾಡುಗಳಲ್ಲಿ ಗಿಟಾರಿನ ಶ್ರುತಿ ಮೂರು ಅರ್ಧಸ್ವರ ಕೆಳಗಿಳಿದು, ನಮ್ಮ ಪೇಟಿಯ ಭಾಷೆಯಲ್ಲಿ ಹೇಳುವುದಾದರೆ, ಕಪ್ಪು ಒಂದಕ್ಕೆ ಬಂದು ಕೂತಿದೆ. ನಮ್ಮ ಗಾಯಕರಲ್ಲಿ ಎಷ್ಟೋ ಮಂದಿ ಷಡ್ಜ ಹಿಡಿಯುವ ಸ್ಥಾನವೇ ಅದು! ಇಂದು ಜಗತ್ತಿನಾದ್ಯಂತ ಮೆಟಲ್ ತಂಡಗಳು ಅನುಸರಿಸುವ ಆ ಭಾರವಾದ ಕೆಳಶ್ರುತಿಯ ಹಿಂದೆ ಒಬ್ಬ ಕಾರ್ಮಿಕನ ಗಾಯವಿದೆ.

ಪ್ರಥಮ ಆಲ್ಬಂನ ಮೊದಲ ಹಾಡಿಗೆ ಮರಳೋಣ. ಆರಂಭದಲ್ಲಿ ಮಳೆಯ ಸದ್ದು, ದೂರದಲ್ಲಿ ಒಂದು ಗಂಟೆ, ಗುಡುಗು. ಅನಂತರ ಮೂರೇ ಸ್ವರ: ಷಡ್ಜ, ತಾರಷಡ್ಜ, ಅಲ್ಲಿಂದ ಇಳಿದು ತೀವ್ರ ಮಧ್ಯಮ. ಆ ತೀವ್ರ ಮಧ್ಯಮವನ್ನು ನಡುಗಿಸಿ ನಿಲ್ಲಿಸುತ್ತಾರೆ. ಷಡ್ಜಕ್ಕೂ ಇದಕ್ಕೂ ಇರುವ ಅಂತರವನ್ನು ಯುರೋಪಿನ ಶಾಸ್ತ್ರಜ್ಞರು ಸಂಗೀತದೊಳಗಿನ ಸೈತಾನನೆಂದು ಕರೆದಿದ್ದರು. ನಮಗೋ, ಅದು ದೀಪ ಹಚ್ಚುವ ಹೊತ್ತಿನ ಯಮನ್ ರಾಗದ ಪ್ರಾಣಸ್ವರ. ಒಂದೇ ಸ್ವರ ಒಂದು ನಾಡಿನಲ್ಲಿ ದೆವ್ವ, ಇನ್ನೊಂದರಲ್ಲಿ ದೀಪ! ಊರ ಹೆಸರಿನಲ್ಲಿಯೇ ಭೂತವನ್ನಿಟ್ಟುಕೊಂಡ ಭೂತನಾಳದವರಾದ ನಾವು ಇದಕ್ಕೆ ಹೆದರಬೇಕಾದ ಕಾರಣವಿಲ್ಲ. ದನಿ ಏರಿಸಿ ಕೇಳಿದಾಗ ಆ ಮೂರು ಸ್ವರಗಳ ನಡುವಿನ ಖಾಲಿ ಜಾಗ ಎಷ್ಟು ದೊಡ್ಡದೆಂಬುದು ತಿಳಿಯುತ್ತದೆ. ನನ್ನ ಸೋದರಳಿಯ ಈ ಹಾಡಿನ ಮೊದಲ ಅರ್ಧ ನಿಮಿಷವನ್ನೇ ಹೆಚ್ಚು ಮೆಚ್ಚುತ್ತಾನೆ. ಆ ಮಳೆ ಸುರಿಯುವಷ್ಟು ಹೊತ್ತು ಅವನ ಕಿವಿಯ ಸಿಳ್ಳು ಅದರಡಿಯಲ್ಲಿ ಅಡಗಿರುತ್ತದಂತೆ. ಹಾಡಿದ ಆಜಿ ಆಸ್ಬರ್ನ್ 2025ರ ಜುಲೈ 5ರಂದು ಹುಟ್ಟೂರಾದ ಬರ್ಮಿಂಗ್‌ಹ್ಯಾಮಿನಲ್ಲಿ ಇದೇ ಸಂಗಡಿಗರೊಂದಿಗೆ ಕೊನೆಯ ಬಾರಿ ಹಾಡಿ, ಅದೇ ತಿಂಗಳ 22ರಂದು ತೀರಿಕೊಂಡರು.

ಎರಡನೆಯದು ಲೆಡ್ ಜೆಪೆಲಿನ್ ತಂಡದ ನಾಲ್ಕನೆಯ ಆಲ್ಬಂ, 1971ರದು. ಇದರ ಕೊನೆಯ ಹಾಡು ‘ವೆನ್ ದಿ ಲೆವೀ ಬ್ರೇಕ್ಸ್’, ಎಂದರೆ ಒಡ್ಡು ಒಡೆದಾಗ. 1927ರ ಮಿಸಿಸಿಪಿ ಮಹಾಪೂರವನ್ನು ಕುರಿತು ಮೆಂಫಿಸ್ ಮಿನ್ನಿ ಮತ್ತು ಕಾನ್ಸಾಸ್ ಜೋ ಮಕಾಯ್ ಎಂಬ ಕರಿಯ ದಂಪತಿಗಳು 1929ರಲ್ಲಿ ಮುದ್ರಿಸಿದ ಹಾಡಿನಿಂದ ಬೆಳೆದದ್ದು. ಬರದ ಜಿಲ್ಲೆಯವರಾದ ನಮಗೆ ಒಡ್ಡು ಒಡೆಯುವ ಭಯಕ್ಕಿಂತ ಕೆರೆ ಬತ್ತುವ ಭಯವೇ ದೊಡ್ಡದು. ಆದರೂ ಈ ಹಾಡಿನ ನಗಾರಿಗಳನ್ನು ಕೇಳುವಾಗ ನೀರಿನ ಭಾರ ಎಂಥದೆಂದು ನನಗೆ ಅನುಭವಕ್ಕೆ ಬಂದಿದೆ. ಇಂಗ್ಲೆಂಡಿನ ಹೆಡ್ಲಿ ಗ್ರೇಂಜ್ ಎಂಬ, ಹಿಂದೊಮ್ಮೆ ಬಡವರ ಆಶ್ರಯಧಾಮವಾಗಿದ್ದ ಹಳೆಯ ಕಟ್ಟಡದಲ್ಲಿ ಇದನ್ನು ಮುದ್ರಿಸಿದರು. ಜಾನ್ ಬಾನಮನ ನಗಾರಿಗಳನ್ನು ಮೆಟ್ಟಿಲುಗಳ ಬುಡದ ಹಜಾರದಲ್ಲಿಟ್ಟು, ಮೈಕುಗಳನ್ನು ವಾದ್ಯದ ಹತ್ತಿರ ಇಡುವ ಬದಲು, ಎರಡೇ ಎರಡನ್ನು ಮೇಲಿನ ಮಹಡಿಯಿಂದ ಇಳಿಬಿಟ್ಟರು. ಹೀಗಾಗಿ ನಾವು ಕೇಳುವುದು ನಗಾರಿಯನ್ನಷ್ಟೇ ಅಲ್ಲ, ಆ ಕಟ್ಟಡವನ್ನು ಕೂಡ. ಗೋಳಗುಮ್ಮಟದಲ್ಲಿ ಚಪ್ಪಾಳೆ ತಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ವ್ಯತ್ಯಾಸವಿದೆ: ಗುಮ್ಮಟದಲ್ಲಿ ಸದ್ದು ಏಳೇಳು ಸಲ ಮರಳುವುದರಿಂದ ಒಂದು ಹೊಡೆತ ಆರುವ ಮೊದಲೇ ಇನ್ನೊಂದು ಬಂದು ಎಲ್ಲ ಕಲಸಿಹೋಗುತ್ತದೆ, ರಜಾದಿನಗಳಲ್ಲಿ ಅಲ್ಲಿ ಕೂಗುವ ಪ್ರವಾಸಿಗರ ಗುಂಪು ಇದಕ್ಕೆ ಸಾಕ್ಷಿ. ಆ ಇಂಗ್ಲಿಷ್ ಮನೆಯ ಹಜಾರ ಮಾತ್ರ ಪ್ರತಿ ಹೊಡೆತಕ್ಕೂ ಬೇಕಾದಷ್ಟೇ ಉತ್ತರ ಕೊಟ್ಟು ಸುಮ್ಮನಾಗುತ್ತದೆ.

ಡೀಪ್ ಪರ್ಪಲ್ ತಂಡದ ‘ಮಷೀನ್ ಹೆಡ್’ (1972) ಕೂಡ ಒಂದು ಕಟ್ಟಡದ ಕತೆಯೇ. ಸ್ವಿಟ್ಜರ್‌ಲೆಂಡಿನ ಮಾಂಟ್ರೋ ಎಂಬಲ್ಲಿ ಸರೋವರದ ದಂಡೆಯ ಕ್ಯಾಸಿನೋದಲ್ಲಿ ಮುದ್ರಿಸಬೇಕೆಂದು ಅವರು ಹೋಗಿದ್ದರು. 1971ರ ಡಿಸೆಂಬರ್ 4ರಂದು ಬೇರೊಂದು ಕಛೇರಿಯ ನಡುವೆ ಯಾರೋ ಹಾರಿಸಿದ ಬಾಣದಿಂದ ಅದು ಸುಟ್ಟುಹೋಯಿತು. ನೀರಿನ ಮೇಲೆ ಹೊಗೆ ಹಬ್ಬಿದ ಆ ನೋಟವೇ ಅವರ ಅತಿ ಪ್ರಸಿದ್ಧ ಹಾಡಾಯಿತು. ಕೊನೆಗೆ, ಚಳಿಗಾಲಕ್ಕೆಂದು ಮುಚ್ಚಿದ್ದ ಹೋಟೆಲಿನ ಓಣಿಗಳಲ್ಲಿ ಹಾಸಿಗೆಗಳನ್ನು ನಿಲ್ಲಿಸಿ ಪ್ರತಿಧ್ವನಿಯನ್ನು ತಡೆದು, ಹೊರಗೆ ನಿಂತ ಲಾರಿಯೊಳಗಿನ ಯಂತ್ರದಲ್ಲಿ ಮುದ್ರಿಸಿದರು. ನುಡಿಸಿದ್ದನ್ನು ಕೇಳಿಬರಬೇಕೆಂದರೆ ಬಾಲ್ಕನಿಗಳನ್ನು ದಾಟಿ ಲಾರಿಗೆ ಹೋಗಬೇಕು. ಆ ಬೇಸರಕ್ಕೆ ಕೇಳುವುದನ್ನೇ ಬಿಟ್ಟು ನುಡಿಸುತ್ತ ಹೋದರಂತೆ. ಆಲ್ಬಂನಲ್ಲಿರುವ ತಾಜಾತನಕ್ಕೆ ಈ ಸೋಮಾರಿತನವೂ ಕಾರಣವಿದ್ದೀತು. ಇದರಲ್ಲಿ ವಿಶೇಷವಾಗಿ ಗಮನಿಸಬೇಕಾದದ್ದು ಜಾನ್ ಲಾರ್ಡನ ಆರ್ಗನ್. ನಾಟಕ ಕಂಪನಿಗಳ ಕಾಲುಪೇಟಿಯನ್ನು ಕೇಳಿ ಬೆಳೆದವರಿಗೆ ಅದರ ಒಡನಾಟ ಬೇಗ ಆಗುತ್ತದೆ. ಆತ ಅದನ್ನು ಗಿಟಾರಿನ ಧ್ವನಿವರ್ಧಕಕ್ಕೆ ಜೋಡಿಸಿ ಗರ್ಜಿಸುವಂತೆ ಮಾಡಿದ.

ಇದನ್ನು ಮುದ್ರಿಸಿದ ತಂತ್ರಜ್ಞ ಮಾರ್ಟಿನ್ ಬರ್ಚ್. ಹನ್ನೆರಡು ವರ್ಷಗಳ ಅನಂತರ ಅವನೇ ಐರನ್ ಮೇಡನ್ ತಂಡದ ‘ಪವರ್‌ಸ್ಲೇವ್’ (1984) ಆಲ್ಬಂನ್ನು ನಿರ್ಮಿಸಿದ. ಸಾಹಿತ್ಯಪ್ರಿಯರಿಗೆ ನನ್ನ ಮೊದಲ ಶಿಫಾರಸು ಇದೇ. ಇದರ ಕೊನೆಯ ಹಾಡು ಕೋಲ್‌ರಿಜ್ ಕವಿಯ ಮುದಿ ನಾವಿಕನ ಕತೆ. ಹದಿಮೂರು ನಿಮಿಷಗಳಿಗೂ ಮೀರಿದ್ದು. ನಮ್ಮ ಕಾಲೇಜುಗಳಲ್ಲಿ ಟಿಪ್ಪಣಿ ಬರೆಸಿ ಕೊಂದ ಕವಿತೆಯನ್ನು ಇವರು ಎಬ್ಬಿಸಿ ಕೂರಿಸಿದ್ದಾರೆ. ಹಾಡಿನ ನಡುವೆ ಒಮ್ಮೆಲೆ ಎಲ್ಲ ವಾದ್ಯಗಳೂ ಹಿಂದೆ ಸರಿಯುತ್ತವೆ. ಗಾಳಿ ಸತ್ತ ಕಡಲಿನಲ್ಲಿ ಹಡಗು ನಿಂತಿದೆ. ಹಲಗೆಗಳು ಕಿರುಗುಟ್ಟುವ ಸದ್ದು, ಮಂದ್ರದ ತಂತಿಯ ಒಂಟಿ ಮಿಡಿತ, ಕವಿತೆಯ ಸಾಲುಗಳನ್ನು ತಗ್ಗಿದ ಕಂಠದಲ್ಲಿ ಓದುವ ಒಂದು ದನಿ. ದನಿ ಸಣ್ಣದಾಗಿಟ್ಟು ಕೇಳಿದವರಿಗೆ ಇಲ್ಲಿ ಹಾಡು ನಿಂತೇ ಹೋಯಿತೆನಿಸುತ್ತದೆ. ಏರಿಸಿ ಕೇಳಿದವರಿಗೆ ಆ ಹಲಗೆಗಳ ನಡುವೆ ತಾವೇ ಕುಳಿತಂತಾಗುತ್ತದೆ. ನಾನು ಆರಂಭದಿಂದ ಹೇಳುತ್ತಿರುವ ಮಾತಿಗೆ ಈ ಎರಡು-ಮೂರು ನಿಮಿಷಗಳಿಗಿಂತ ಒಳ್ಳೆಯ ಪ್ರಮಾಣ ನನಗೆ ಸಿಕ್ಕಿಲ್ಲ.

ಈ ಆಲ್ಬಂ ಮುದ್ರಿತವಾದದ್ದು ಬಹಾಮಾ ದ್ವೀಪಗಳ ನಸ್ಸೌ ಪಟ್ಟಣದ ಕಂಪಾಸ್ ಪಾಯಿಂಟ್ ಸ್ಟುಡಿಯೋದಲ್ಲಿ. ಅಲ್ಲಿಯೇ 1980ರಲ್ಲಿ ಎ.ಸಿ./ಡಿ.ಸಿ. ತಂಡದವರು ‘ಬ್ಯಾಕ್ ಇನ್ ಬ್ಲ್ಯಾಕ್’ ಆಲ್ಬಂನ್ನು ನುಡಿಸಿದ್ದರು. ಆ ಫೆಬ್ರವರಿಯಲ್ಲಷ್ಟೇ ಅವರ ಗಾಯಕ ಬಾನ್ ಸ್ಕಾಟ್ ತೀರಿಕೊಂಡಿದ್ದ; ಹೊದಿಕೆಯ ಕಪ್ಪು ಅವನ ಶೋಕಕ್ಕಾಗಿ. ಮೊದಲು ಕೇಳುವುದು ಒಂದು ಗಂಟೆಯ ನಾದ. ಇಂಗ್ಲೆಂಡಿನ ಲಫ್‌ಬರೊ ಊರಿನ ಗೋಪುರದ ಗಂಟೆಯನ್ನು ಮುದ್ರಿಸಹೋದರೆ ಅಲ್ಲಿದ್ದ ಹಕ್ಕಿಗಳು ಪ್ರತಿ ಬಡಿತಕ್ಕೂ ರೆಕ್ಕೆ ಬಡಿದು ಹಾರಿ ಕೆಲಸ ಕೆಡಿಸಿದವು. ಕೊನೆಗೆ ಅದೇ ಊರಿನ ಎರಕದ ಕಾರ್ಖಾನೆಯಲ್ಲಿ ತಮಗೆಂದೇ ಹೊಯ್ಯಿಸಿದ ಸುಮಾರು ಒಂದು ಟನ್ ತೂಕದ ಗಂಟೆಯನ್ನು ಬಾರಿಸಿ ಮುದ್ರಿಸಿಕೊಂಡರು. ಉಳಿದ ಹಾಡುಗಳೆಲ್ಲ ಸರಳ. ಸಾಹಿತ್ಯದ ದೃಷ್ಟಿಯಿಂದ ಅವುಗಳಲ್ಲಿ ಹುಡುಕಲು ಏನೂ ಇಲ್ಲವೆಂದು ಮೊದಲೇ ಹೇಳಿಬಿಡುತ್ತೇನೆ. ಆದರೆ ಗಿಟಾರು ಒಂದು ಮಾತು ಆಡಿ ಬಾಯಿ ಮುಚ್ಚಿದಾಗ ಅಲ್ಲಿ ನಿಜವಾಗಿಯೂ ಏನೂ ಇರುವುದಿಲ್ಲ. ಅಷ್ಟು ಶುಚಿಯಾದ ಬಿಡುವನ್ನು ಬೇರೆ ಕಡೆ ಕೇಳುವುದು ಕಷ್ಟ.

ಮೆಟಾಲಿಕಾ ತಂಡದ ಎರಡು ಆಲ್ಬಂಗಳನ್ನು ಅಕ್ಕಪಕ್ಕದಲ್ಲಿಟ್ಟು ಕೇಳಿದರೆ ಒಳ್ಳೆಯ ಮುದ್ರಣಕ್ಕೂ ಕೆಟ್ಟದ್ದಕ್ಕೂ ಇರುವ ಅಂತರ ಮಕ್ಕಳಿಗೂ ತಿಳಿಯುತ್ತದೆ. 1991ರಲ್ಲಿ ಬಾಬ್ ರಾಕ್ ನಿರ್ಮಿಸಿದ, ತಂಡದ ಹೆಸರನ್ನೇ ಹೊತ್ತ ಕಪ್ಪು ಹೊದಿಕೆಯ ಆಲ್ಬಂ ದನಿ ಏರಿಸಿದಂತೆ ಅರಳುತ್ತದೆ. 2008ರ ‘ಡೆತ್ ಮ್ಯಾಗ್ನೆಟಿಕ್’ ಹಾಗಲ್ಲ. ಅಂಗಡಿಯಲ್ಲಿ, ರೇಡಿಯೋದಲ್ಲಿ ಇತರರಿಗಿಂತ ಗಟ್ಟಿಯಾಗಿ ಕೇಳಿಸಬೇಕೆಂಬ ಪೈಪೋಟಿಯಲ್ಲಿ ಸಣ್ಣ ಸದ್ದುಗಳನ್ನೆಲ್ಲ ಎತ್ತಿ, ದೊಡ್ಡ ಸದ್ದುಗಳ ತಲೆ ಸವರಿ, ಎಲ್ಲವನ್ನೂ ಒಂದೇ ಮಟ್ಟಕ್ಕೆ ತಂದಿಟ್ಟರು. ಅಭಿಮಾನಿಗಳೇ ಸಹಿ ಸಂಗ್ರಹಿಸಿ ಮರುಮುದ್ರಣಕ್ಕೆ ಒತ್ತಾಯಿಸಬೇಕಾಯಿತು. ಅದೇ ಹಾಡುಗಳು ಒಂದು ವಿಡಿಯೋ ಆಟಕ್ಕಾಗಿ ಬೇರೆಯಾಗಿ ಹೊರಬಂದಿದ್ದವು. ಅದರಲ್ಲಿ ಅವು ಎಷ್ಟೋ ಚೆನ್ನಾಗಿ ಕೇಳಿಸಿದ್ದರಿಂದ ತಪ್ಪು ನುಡಿಸಿದವರದಲ್ಲವೆಂಬುದು ಬಯಲಾಯಿತು. ಮೆರವಣಿಗೆಯ ಡಿ.ಜೆ. ಗೋಡೆಯ ತತ್ವವೂ ಇದೇ.

ಇದೆಲ್ಲ ಹೊರನಾಡಿನ ಮಾತಾಯಿತು ಎನ್ನಬೇಡಿ. 2007ರ ಮಾರ್ಚ್ 17ರಂದು ಐರನ್ ಮೇಡನ್, 2011ರ ಅಕ್ಟೋಬರ್ 30ರಂದು ಮೆಟಾಲಿಕಾ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿದರು. ಇಡೀ ದೇಶದಿಂದ ತರುಣರು ಅಲ್ಲಿಗೆ ಹರಿದುಬಂದರು. ಬೆಂಗಳೂರಿನಲ್ಲಿಯೇ 1998ರಲ್ಲಿ ಹುಟ್ಟಿದ ಕ್ರಿಪ್ಟೋಸ್ ಎಂಬ ತಂಡವಿದೆ. 2013ರಲ್ಲಿ ಅದು ಜರ್ಮನಿಯ ವಾಕೆನ್ ಉತ್ಸವದಲ್ಲಿ ನುಡಿಸಿತು. 2019ರ ಅದರ ‘ಆಫ್ಟರ್‌ಬರ್ನರ್’ ಆಲ್ಬಂ ಎಂಬತ್ತರ ದಶಕದ ರೀತಿಯದು. ಎರಡು ಗಿಟಾರುಗಳು ಜುಗಲ್‌ಬಂದಿಯಂತೆ ಒಂದನ್ನೊಂದು ಬೆನ್ನಟ್ಟುತ್ತವೆ, ಆದರೂ ಎರಡರ ದನಿಯೂ ಬೇರೆ ಬೇರೆಯಾಗಿ ಕಿವಿಗೆ ಬೀಳುತ್ತದೆ. ಕನ್ನಡ ನುಡಿಯಲ್ಲಿ ಇಷ್ಟೇ ಹದವಾಗಿ ಮುದ್ರಿತವಾದ ಮೆಟಲ್ ಆಲ್ಬಂ ಒಂದು ಬರಲೆಂಬ ಆಸೆ ನನಗಿದೆ. ವಚನಗಳಲ್ಲಿ ಅದಕ್ಕೆ ಬೇಕಾದ ಕೆಚ್ಚು ಧಾರಾಳವಾಗಿದೆ.

ಇನ್ನು ಕೇಳುವ ಕ್ರಮ. ಭೂತನಾಳದ ಸುತ್ತ ಎದ್ದಿರುವ ಹೊಸ ಮನೆಗಳಲ್ಲಿ ಬರಿಯ ಗೋಡೆ, ಗಾರೆಯ ಛಾವಣಿ, ನುಣುಪಾದ ಹಾಸುಗಲ್ಲು. ಪ್ರತಿ ಕೋಣೆಯೂ ಒಂದು ಪುಟ್ಟ ಗೋಳಗುಮ್ಮಟ. ಅಂಥಲ್ಲಿ ಎಂಥ ಬೆಲೆಯ ಸ್ಪೀಕರೂ ಕಲಸಿದ ಸದ್ದನ್ನೇ ಕೊಡುತ್ತದೆ. ಅಜ್ಜಿ ಹೊಲಿದ ಕೌದಿಯನ್ನು ಪೆಟ್ಟಿಗೆಯಿಂದ ತೆಗೆದು ಸ್ಪೀಕರುಗಳ ಎದುರಿನ ಗೋಡೆಗೆ ತೂಗುಹಾಕಿರಿ. ನೆಲಕ್ಕೊಂದು ಜಮಖಾನೆ ಹಾಸಿರಿ. ಪುಸ್ತಕದ ಕಪಾಟು ತುಂಬಿದ್ದರೆ ಇನ್ನೂ ಒಳ್ಳೆಯದು. ಸಾಲಾಗಿ ನಿಂತ ಪುಸ್ತಕಗಳ ಏರುಪೇರು ಸದ್ದನ್ನು ಚದುರಿಸುತ್ತದೆ. ಓದದೆ ಇಟ್ಟ ಪುಸ್ತಕಗಳಿಗೂ ಹೀಗೆ ಒಂದು ಸದ್ಗತಿಯುಂಟು.

ಪ್ರಮಾಣದ ಬಗ್ಗೆ ಕಟ್ಟುನಿಟ್ಟಾಗಿರಬೇಕು. ವಾರಕ್ಕೆ 80 ಡೆಸಿಬೆಲ್‌ನಲ್ಲಿ 40 ತಾಸು, 90ರಲ್ಲಿ ಕೇವಲ 4 ತಾಸು ಎಂದು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಕೊಟ್ಟಿದೆ. ಮೊಬೈಲ್ ಫೋನಿನಲ್ಲಿ ಇದನ್ನು ಅಂದಾಜು ಅಳೆಯುವ ಸಾಧನಗಳಿವೆ. ಒಂದು ಆಲ್ಬಂ ಮುಗಿದ ಮೇಲೆ ಕಿವಿಗೆ ಅಷ್ಟೇ ಹೊತ್ತು ವಿಶ್ರಾಂತಿ ಕೊಡುವುದು ಲೇಸು. ‘ಬ್ಯಾಕ್ ಇನ್ ಬ್ಲ್ಯಾಕ್’ ಆಲ್ಬಂನಲ್ಲಿ ಹಾಡಿದ ಬ್ರಯನ್ ಜಾನ್ಸನ್ನನೇ 2016ರಲ್ಲಿ, ಪೂರ್ತಿ ಕಿವುಡನಾಗುವ ಅಪಾಯವಿದೆಯೆಂದು ವೈದ್ಯರು ಎಚ್ಚರಿಸಿದ್ದರಿಂದ, ಪ್ರವಾಸದ ನಡುವೆಯೇ ವೇದಿಕೆ ಬಿಟ್ಟಿಳಿಯಬೇಕಾಯಿತು. ನೆರೆಮನೆಯವರ ಹಕ್ಕನ್ನು ಕಾಯುವ ಕಾನೂನೂ ಇದೆ: 2000ದ ಶಬ್ದಮಾಲಿನ್ಯ ನಿಯಮಗಳಂತೆ ವಾಸದ ಬಡಾವಣೆಗಳಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ, ರಾತ್ರಿ 10ರಿಂದ ಬೆಳಗಿನ 6ರವರೆಗೆ ಹೊರಗೆ ಧ್ವನಿವರ್ಧಕ ಕೂಡದು. ಇದು ನಿಮ್ಮ ಗೋಡೆಯಾಚೆಗಿನ ಲೆಕ್ಕವೆಂಬುದನ್ನು ಮರೆಯಬಾರದು. ಕಿಟಕಿಗಳನ್ನು ಮುಚ್ಚಿರಿ, ನೆರೆಯಲ್ಲಿ ಹಸುಗೂಸೋ ರೋಗಿಗಳೋ ಇದ್ದರೆ ಅಂದು ಬೇಡ. ನನ್ನ ಮಟ್ಟಿಗೆ ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೊಂದು ಪ್ರಶಸ್ತ ಸಮಯ. ಅಕ್ಕಪಕ್ಕದವರು ಸಂತೆಗೆ ಹೋಗಿರುತ್ತಾರೆ.

ಯಾವುದರಿಂದ ಆರಂಭಿಸಬೇಕು ಎಂದು ಕೇಳುವವರು ‘ಪವರ್‌ಸ್ಲೇವ್’ನ ಕೊನೆಯ ಹಾಡನ್ನೇ ಹಾಕಿರಿ. ಕೋಲ್‌ರಿಜ್ಜನ ಕವಿತೆಯನ್ನು ಮುಂದೆ ತೆರೆದಿಟ್ಟುಕೊಂಡರೆ ಒಳ್ಳೆಯದು. ಹಡಗು ನಿಂತು ಹಲಗೆಗಳು ಕಿರುಗುಟ್ಟತೊಡಗಿದಾಗ, ಸದ್ದು ಕಡಿಮೆಯಾಯಿತೆಂದು ಕೈ ಗುಂಡಿಯತ್ತ ಹೋಗುತ್ತದೆ, ಆಗ ಏರಿಸಬೇಡಿ. ಮುಂದೆ ವಾದ್ಯಗಳೆಲ್ಲ ಒಟ್ಟಿಗೆ ಮರಳಿ ಬರುವುದಿದೆ.